ಅಪ್ಪನ ಕಾರಿನ ವೈರಿಂಗ್

ಮಾರ್ಚ್ ೧೪, ಶುಕ್ರವಾರ

ಯಾವ ವೈರಿಂಗ್ ಕಿಟ್ ತರಿಸುವುದೆಂದು ಇವತ್ತಾದರೂ ತೀರ್ಮಾನವಾಗಲೇಬೇಕಿತ್ತು. ಅಪ್ಪನ ಹಳೇ ಕಾರಿನ ವೈರುಗಳು ಮುಟ್ಟಿದರೆ ಪುಡಿಯಾಗುತ್ತವೆ. ಆ ಮಾದರಿಗೆಂದೇ ಮಾಡಿದ ಕಿಟ್ ಬರಲು ಎರಡು ತಿಂಗಳು ಬೇಕು. ಎಲ್ಲ ಕಾರಿಗೂ ಹೊಂದುವಂಥದ್ದು ನಾಳೆಯೇ ಸಿಗುತ್ತದೆ, ಆದರೆ ಒಂದೊಂದು ವೈರನ್ನೂ ಅಳೆದು ಕತ್ತರಿಸಿ ನಾನೇ ಜೋಡಿಸಬೇಕು. ತಪ್ಪಿದರೆ ಬೆಂಕಿ.

"ಡಾಕ್ಟರು ಅಪ್ಪನಿಗೆ ಅಷ್ಟು ದಿನ ಕೊಟ್ಟಿಲ್ಲ ಕಣೇ," ಎಂದಳು ಅಕ್ಕ, ಆಸ್ಪತ್ರೆಯ ಮೆಟ್ಟಿಲ ಮೇಲೆ.

ಒಳಗೆ ಹೋಗಿ ಅಪ್ಪನನ್ನೇ ಕೇಳಿದೆ. ಅವರಿಗಿನ್ನೂ ಯಾರೂ ಏನೂ ಹೇಳಿಲ್ಲ.

"ಸರಿಯಾದದ್ದನ್ನೇ ತರಿಸಮ್ಮ. ಅವಸರ ಮಾಡಿ ಗಾಡಿ ಸುಟ್ಟುಬಿಟ್ಟೀಯ. ನಾನೆಲ್ಲಿ ಓಡಿಹೋಗ್ತೀನಿ?" ಎಂದು ನಕ್ಕರು.

"ಆಯ್ತಪ್ಪ," ಎಂದೆ. ಹೊರಗೆ ಬಂದವಳೇ ನಾಳೆ ಸಿಗುವುದನ್ನೇ ಕಳಿಸಲು ಹೇಳಿದೆ. ಅವರು ಸ್ಟಿಯರಿಂಗ್ ಹಿಡಿದು ಬೀದಿಯ ತುದಿವರೆಗೆ ಹೋದರೂ ಸಾಕು. ಆದರೆ ಇವತ್ತು ಆ ಕೈಯಲ್ಲಿ ನೀರಿನ ಲೋಟವೇ ನಿಲ್ಲಲಿಲ್ಲ, ಇನ್ನು ನಾನು ಎಷ್ಟು ಬೇಗ ಜೋಡಿಸಿದರೂ...