ಬೆಲ್ಲಕ್ಕೆ ಹೆದರಿದ ಎಲುಬು

ಹಿಂದವಾಡಿ, ಬೆಳಗಾವಿ
೨ ಜುಲೈ ೨೦೨೫, ಬುಧವಾರ

ನಮ್ಮ ಮನೆಯ ಯಜಮಾನರೂ, ಖಾನಾಪುರದ ಮಾಜಿ ಪೋಸ್ಟ್‌ಮಾಸ್ತರರೂ, ಸದ್ಯಕ್ಕೆ ಸೌತೆಕಾಯಿಯ ಪರಮಭಕ್ತರೂ ಆದ ನಿಮಗೆ ಕಾಶವ್ವನ ಶರಣು.

ನಿಮ್ಮ ಪತ್ರ ನಿನ್ನೆ ಮುಟ್ಟಿತು. ಮೂವತ್ತು ವರ್ಷ ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ನನಗೇ ಅದನ್ನು ಓದಲು ಎರಡು ಸಲ ಕನ್ನಡಕ ಒರೆಸಬೇಕಾಯಿತು. ಕಾಗೆ ಕಾಲು, ಗುಬ್ಬಿ ಕಾಲು. ಹಳೇ ಚಟ ಬಿಡದೆ ಕೆಂಪು ಪೆನ್ನು ಹಿಡಿದು ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದೇನೆ. ಆ ಎರಡೂ ಲಕೋಟೆಯ ಮೇಲೆ ಪಿನ್‌ಕೋಡ್ ಸರಿಯಾಗಿ ಬರೆದದ್ದಕ್ಕೆ.

ಅಕ್ಷರ ಹೀಗೇಕಾಯಿತು ಎಂಬುದಕ್ಕೆ ನೀವೇ ಕಾರಣ ಕೊಟ್ಟಿದ್ದೀರಿ. ಎಡಗೈಯಲ್ಲಿ ಬರೆದರೆ ಮೆದುಳು ಚುರುಕಾಗುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದರಂತೆ, ಅದಕ್ಕೇ ಅಭ್ಯಾಸ ನಡೆದಿದೆಯಂತೆ. ಸಂತೋಷ. ಮುಂದುವರಿದು, ಮೈ ಹಗುರಾಗಿ ಗಾಳಿಯಲ್ಲಿ ತೇಲಿದಂತಾಗುತ್ತಿದೆ ಎಂದಿದ್ದೀರಿ. ಖಾನಾಪುರದ ಈ ಮಳೆಗಾಳಿಯಲ್ಲಿ ಅದು ಒಳ್ಳೆಯ ಲಕ್ಷಣವಲ್ಲ, ಹೊರಗೆ ಹೋಗುವಾಗ ಕಿಸೆಯಲ್ಲಿ ಒಂದೆರಡು ಕಲ್ಲು ಇಟ್ಟುಕೊಳ್ಳಿ. ಕೊನೆಗೆ, ಅವಸರ ಮಾಡಬೇಡ, ಮಗಳು ನಿಖಿತಾಳ ಹೊಸ ಮನೆಯಲ್ಲಿ ಸಾಮಾನು ಜೋಡಿಸಿಕೊಟ್ಟು ಇನ್ನೂ ಒಂದು ತಿಂಗಳು ಆರಾಮಾಗಿ ಇದ್ದು ಬಾ ಎಂದು ಬರೆದಿದ್ದೀರಿ. ಇಲ್ಲಿಗೆ ಬಂದಾಗ ಕೆಂಪು ಪೆನ್ನು ಕೆಳಗಿಟ್ಟೆ. ಸಾಸಿವೆ ಡಬ್ಬಿ ಎಲ್ಲಿದೆ ಎಂದು ಕೇಳಲು ಫೋನ್ ಮಾಡುವ ಗಂಡಸು ಹೆಂಡತಿಗೆ ಒಂದು ತಿಂಗಳ ರಜೆ ತಾನಾಗಿ ಮಂಜೂರು ಮಾಡಿದನೆಂದರೆ ಒಂದೋ ಮನೆ ಸುಟ್ಟಿರಬೇಕು, ಇಲ್ಲವೇ ಕೈ ಮುರಿದಿರಬೇಕು.

ಮನೆ ಸುಟ್ಟಿಲ್ಲವೆಂದು ಶಾಹಜಾನಬಿಯಿಂದ ಗೊತ್ತಾಯಿತು.

ಆಕೆಯ ಮೇಲೆ ಸಿಟ್ಟಾಗಬೇಡಿ. ಬಾಜೂ ಮನೆಯವಳಾಗಿ ಆಕೆ ನಿಮ್ಮ ಮಾತನ್ನು ಬಹಳ ಹೊತ್ತು, ಅಂದರೆ ಫೋನಿನ ಮೊದಲ ಅರ್ಧ ನಿಮಿಷದವರೆಗೆ, ಕಾಪಾಡಿದಳು. "ಅಕ್ಕಾ, ಭಾವಾರು ಆಣಿ ಹಾಕಿಸ್ಯಾರ, ನಾ ಏನೂ ಹೇಳಾಂಗಿಲ್ಲ. ನೀವ ಕೇಳ್ರಿ, ನಾ ಬರೇ ಹೂಂ ಅಂತೀನಿ" ಅಂದಳು. ಕೈಯೇನು ಎಂದೆ, ಹೂಂ. ಬಲಗೈಯೇನು ಎಂದೆ, ಹೂಂ. ಪ್ಲಾಸ್ಟರೇ ಹಾಕಿದ್ದಾರೇನು ಎಂದೆ, ಉದ್ದನೆಯ ಹೂಂ. ಇಷ್ಟಾದ ಮೇಲೆ ಆಣೆ ತೀರಿತೆಂದು ತಾನೇ ತೀರ್ಪು ಕೊಟ್ಟುಕೊಂಡು ಉಳಿದದ್ದನ್ನು ಸುರಿದಳು. ನೀವು ಅಂಗಳದಲ್ಲಿ ಒಂದು ಕೊಡ ನೀರು ಎತ್ತಲು ಬಾಗಿದ್ದು, ತಲೆ ತಿರುಗಿದ್ದು, ತನ್ನ ಮಗ ಅಕೀಬ ನಿಮ್ಮನ್ನು ಬೈಕಿನ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಓಡಿದ್ದು. "ಜೋರ ಬಿದ್ದಿಲ್ಲ ಅಕ್ಕಾ. ನಿಂತಲ್ಲೇ ಕುಸದು ನೆಲಕ್ಕ ಕೈ ಊರಿದ್ದ ಅಷ್ಟ. ಕಟಕ್ ಅಂತ ಸಪ್ಪಳ ನಮ್ಮ ಕಟ್ಟಿತನಕ ಬಂತು."

ಪೋಸ್ಟ್‌ಮಾಸ್ತರ ಆಗುವ ಮುಂಚೆ ನಾಲ್ಕು ಊರಿಗೆ ಅಂಚೆಯ ಚೀಲ ಹೊತ್ತ ಕೈ ಅದು. ಅಂಗಳಕ್ಕೆ ಊರಿದರೆ ಮುರಿಯಿತೇ?

ಇದಕ್ಕೆಲ್ಲ ಮೂಲ ಯಾರು ಎಂದರೆ ನೀವು ನನ್ನ ಕಡೆ ಬೊಟ್ಟು ಮಾಡುತ್ತೀರಿ, ಸದ್ಯಕ್ಕೆ ಎಡಗೈ ಬೊಟ್ಟು. ಒಪ್ಪಿದೆ. ಹೋದ ಮಳೆಗಾಲ ನಿಮಗೆ ಡೆಂಗೆ ಬಂದು ನಾಲ್ಕು ದಿನ ಕಣ್ಣು ಬಿಡದಿದ್ದಾಗ ಮಠದ ಗದ್ದುಗೆಯ ಮುಂದೆ ಹರಕೆ ಹೊತ್ತವಳು ನಾನೇ. ಇವರು ಎದ್ದು ಕೂತರೆ ಇವರ ತೂಕದಷ್ಟು ಬೆಲ್ಲ, ಶ್ರಾವಣದ ಕಡೇ ಸೋಮವಾರ, ತುಲಾಭಾರ ಮಾಡಿಸುತ್ತೇನೆ ಎಂದೆ. ನೀವು ಎದ್ದಿರಿ. ಎದ್ದವರು ದೇವರಿಗೆ ಕೈ ಮುಗಿಯುವುದರ ಬದಲು ಕಟ್ಟಿಗೆ ಅಡ್ಡೆಯ ಭರಮಪ್ಪನನ್ನು ನೆನೆಸಿಕೊಂಡು ಬೆವತಿರಿ.

ಭರಮಪ್ಪನ ತುಲಾಭಾರ ಯಾರು ಮರೆತಾರು? ಅವನು ತಕ್ಕಡಿಯಲ್ಲಿ ಕೂತಿದ್ದಾನೆ, ಆಚೆ ತಟ್ಟೆಗೆ ಬೆಲ್ಲದ ದೊಡ್ಡ ದೊಡ್ಡ ಮುದ್ದೆ, ಪೆಂಟಿಗಳು, ಏರುತ್ತಲೇ ಇವೆ, ಇವನ ತಟ್ಟೆ ಮಾತ್ರ ನೆಲ ಬಿಡದು. ಮೈಕ್ ಹಿಡಿದ ರಾಯಪ್ಪ ಊರಿಗೆಲ್ಲ ಕೇಳುವಂತೆ, "ನೂರಾ ಎಂಟ ಕಿಲೋ ಆತು, ಭರಮಪ್ಪಣ್ಣ ಇನ್ನೂ ಏಳವಲ್ಲ! ಇನ್ನೆರಡ ಪೆಂಟಿ ತರ್ರೋ!" ಎಂದು ಕೂಗಿದ. ಅಂದಿನಿಂದ ಅವನು ಎರಡ್ ಪೆಂಟಿ ಭರಮಪ್ಪ. ಮೊಮ್ಮಗಳ ಲಗ್ನಪತ್ರಿಕೆಯಲ್ಲಿ ಹಾಗೇ ಅಚ್ಚಾಗುವುದೊಂದು ಬಾಕಿ.

ಆ ಮೈಕಿಗೆ ಹೆದರಿ ನೀವು ಏಪ್ರಿಲ್‌ನಲ್ಲಿ ರೊಟ್ಟಿ ಬಿಟ್ಟಿರಿ. ಮೇ ತಿಂಗಳಲ್ಲಿ ಹಾಲು, ಮೊಸರು, ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ, ಕಾಳುಪಲ್ಲೆ ಎಲ್ಲ ಬಿಟ್ಟಿರಿ. ಮುಂಜಾನೆ ಬಿಸಿನೀರು, ಮಧ್ಯಾಹ್ನ ಸೌತೆಕಾಯಿ, ಸಂಜೆಗೆ ಮಧ್ಯಾಹ್ನದ ಸೌತೆಕಾಯಿಯ ನೆನಪು. ಬೆಳಗಾವಿಯಿಂದ ಚೇತನ ತಂದ ಕುಂದಾದ ಡಬ್ಬಿಯನ್ನು ನೀವು ವಾಪಸು ಕಳಿಸಿದ ದಿನವೇ ಅಳಿಯನಿಗೆ ಅನುಮಾನ ಬಂದಿತ್ತು. ಮಾವಾರಿಗೆ ಮತ್ತೆ ಜ್ವರ ಬಂದಿದೆಯೇ ಎಂದು ಕೇಳಿದ್ದ.

ಈಗ ನಿಮ್ಮದೇ ಇಲಾಖೆಯ ಭಾಷೆಯಲ್ಲಿ ಒಂದು ಪ್ರಶ್ನೆ. ತೊಂಬತ್ತಾರು ಕಿಲೋ ಎಂದು ಬುಕ್ ಆದ ಪಾರ್ಸೆಲ್ಲು ಮುಟ್ಟುವಾಗ ಎಪ್ಪತ್ತೆಂಟು ತೂಗಿದರೆ, ಪೋಸ್ಟ್‌ಮಾಸ್ತರರಾಗಿ ನೀವೇನು ಮಾಡುತ್ತಿದ್ದಿರಿ? ಭಲೇ ಪಾರ್ಸೆಲ್ಲೇ, ಎಷ್ಟು ಚಂದ ಸಪೂರಾಗಿದ್ದೀ ಎಂದು ಬೆನ್ನು ಚಪ್ಪರಿಸುತ್ತಿದ್ದಿರಾ? ನಡುದಾರಿಯಲ್ಲಿ ಯಾರೋ ಬಿಚ್ಚಿದ್ದಾರೆ, ಏನೇನು ಹೋಗಿದೆ ನೋಡಿ ಎಂದು ವಿಚಾರಣೆ ಕೂಡಿಸುತ್ತಿದ್ದಿರಿ. ನಾನೂ ಕೂಡಿಸಿದೆ.

ಇವತ್ತು ಮುಂಜಾನೆ ನಿಖಿತಾ ನನ್ನನ್ನು ಎಲುಬಿನ ಲೇಡಿ ಡಾಕ್ಟರ್, ಡಾಕ್ಟರ್ ಬಾಯಿಯ ಹತ್ತಿರ ಕರೆದೊಯ್ದಿದ್ದಳು. ಯಾಕೆ ಎಂದು ಕೇಳಬೇಡಿ, ನಿಮ್ಮ ಸಲುವಾಗಿ ಎಂದುಕೊಳ್ಳಿ. ನಿಮ್ಮ ಕಥೆ ಹೇಳಿದೆ. ಆಕೆ ನಗಲಿಲ್ಲ. ನಿಂತ ನೆಲದಲ್ಲೇ ಬಿದ್ದು ಎಲುಬು ಮುರಿಯಿತೆಂದರೆ ಅದು ಕೈಯ ತಪ್ಪಲ್ಲ, ಎಲುಬೇ ಬಡವಾಗಿರಬಹುದು, ತಪಾಸಣೆ ಮಾಡಿಸಲೇಬೇಕು ಎಂದಳು. ಗಡಬಡಿಸಿ ಹೊಟ್ಟೆ ಕಟ್ಟಿದರೆ ಬೊಜ್ಜು ಒಂದೇ ಕರಗುವುದಿಲ್ಲ, ಮಾಂಸಖಂಡವೂ ಎಲುಬಿನ ಸತ್ವವೂ ಅದರ ಬೆನ್ನು ಹತ್ತಿ ಹೋಗುತ್ತವಂತೆ. ನಾನು ಟೀಚರಲ್ಲವೇ, ಪಾಠ ಆಗುವಂತೆ ಹೇಳಿ ಎಂದೆ. ಆಗ ಹೇಳಿದಳು: "ಎಲುಬಂದ್ರ ಹಮಾಲ ಇದ್ದಂಗ್ರಿ ಬಾಯಾರ. ಹೊರಿ ಅತೀ ಆದ್ರ ಮೊಣಕಾಲು ಚೀರತಾವ. ಹೊರೀನ ಇಲ್ಲಂದ್ರ ಹಮಾಲ ಸೊರಗತಾನ. ಕೂಳ ಬಂದ್ ಮಾಡಿದ್ರಂತೂ ಕೆಲಸಾ ಬಿಟ್ಟ ಓಡೇ ಹೋಕ್ಕಾನ."

ತೂಕ ಇಳಿಸಬೇಡಿ ಎಂದು ಆಕೆ ಹೇಳಿಲ್ಲ, ಗಮನಿಸಿ. ತೊಂಬತ್ತಾರು ಕಿಲೋ ಏನು ವೀರಗಲ್ಲಿನ ಮೇಲೆ ಕೆತ್ತಿಸುವ ಸಾಧನೆಯಲ್ಲ. ಇಳಿಸಿ, ಆದರೆ ಉಂಡು ಇಳಿಸಿ. ಹಾಲು ಮೊಸರು, ಎಳ್ಳು ಗುರೆಳ್ಳಿನ ಹಿಂಡಿ, ರಾಜಗಿರಿ ಪಲ್ಲೆ, ಮೊಳಕೆಕಾಳು, ಮೈಗೆ ಬಿಸಿಲು, ಕಾಲಿಗೆ ನಡಿಗೆ. ಸಾವಕಾಶ. ನಿಮ್ಮ ಇಲಾಖೆಗೆ ಸಾವಕಾಶ ಎಂದರೇನೆಂದು ನಾನು ಕಲಿಸಬೇಕಾಗಿಲ್ಲ.

ತೆಳ್ಳಗಿದ್ದವರು ಗಟ್ಟಿ ಎಂದು ತಿಳಿಯುವುದೂ ಹುಚ್ಚೇ ಅಂತೆ. ಅಲ್ಲಿ ನಮ್ಮ ಖಾನಾಪುರ ಕಡೆಯ ಹೆಣ್ಣುಮಗಳೊಬ್ಬಳ ರಿಪೋರ್ಟ್ ಬಂದಿತ್ತು. ನಲವತ್ನಾಲ್ಕು ಕಿಲೋ. ಅರವತ್ತು ದಾಟಿದರೂ ನಡ ಹೆಂಗೈತಿ ನೋಡ್ರಿ, ಹುಡುಗಿ ಇದ್ದಂಗ, ಎಂದು ಓಣಿಯ ಹೆಂಗಸರು ಕಣ್ಣು ಹಾಕುವಂಥವಳು. ಎಲುಬು ನೋಡಿದರೆ ತೂತು ಬಿದ್ದ ಜರಡಿ. ಡಾಕ್ಟರ್ ಬಾಯಿ ಆಕೆಯನ್ನೂ ಬಿಡಲಿಲ್ಲ: "ಎಲ್ಲಾರೂ ಉಂಡಮ್ಯಾಲ ಬುಟ್ಟ್ಯಾಗ ಉಳದ ಅರ್ಧಾ ರೊಟ್ಟಿ, ಗಡಗಿ ತೊಳದ ಮಜ್ಜಿಗಿ. ಇದಕ್ಕ ಊಟಾ ಅಂತೀರೇನ್ರಿ?" ಆಕೆ ಸೆರಗು ಸರಿಮಾಡಿಕೊಂಡಳು. ಹೆಸರು ಹೇಳುವುದಿಲ್ಲ. ಪರರ ಮನೆಯ ಸುದ್ದಿ ನಮಗೇಕೆ?

ದವಾಖಾನೆಯಿಂದ ನೇರ ಆಟೋ ಹಿಡಿದು ಸದಾಶಿವನಗರಕ್ಕೆ ಹೋದೆ. ನಮ್ಮ ಮಠದ ಸ್ವಾಮಿಗಳು, ಅಜ್ಜಾರು, ಅಲ್ಲಿ ಭಕ್ತರೊಬ್ಬರ ಮನೆಗೆ ದಯಮಾಡಿಸಿದ್ದರು. ಪಾದಕ್ಕೆ ನಮಸ್ಕರಿಸಿ ಇಡೀ ಪ್ರಕರಣವನ್ನು ಸನ್ನಿಧಿಯಲ್ಲಿ ಮಂಡಿಸಿದೆ. ಹರಕೆಯ ದಿನ ಇದ್ದ ತೂಕ, ಈಗಿನ ತೂಕ, ದೇವರಿಗೆ ಬೀಳಬಹುದಾದ ಹದಿನೆಂಟು ಕಿಲೋ ಖೋತಾ, ರಾಯಪ್ಪನ ಮೈಕು, ಮುರಿದ ಕೈ. ಮೈಕ್ ಬಂದ್ ಮಾಡಿಸಿದರೆ ನಮ್ಮವರು ನಾಳೆಯೇ ರೊಟ್ಟಿ ಮುಟ್ಟುತ್ತಾರೆ ಎಂದೂ ಬೇಡಿಕೊಂಡೆ.

ಅಜ್ಜಾರು ಹೊಟ್ಟೆ ಹಿಡಿದು ನಕ್ಕರು. "ತಾಯಿ, ರಾಯಪ್ಪನ ಕೈಯಾಂದ ಮೈಕ್ ಕಸಿಯೂದು ನನ್ನ ಕಡಿಂದನೂ ಆಗಿಲ್ಲ. ಹಿಂಗ ಮಾಡ್ರಿ. ಈರಯ್ಯನವರು ಒಬ್ಬರ ಯಾಕ ಕುಂದರಬೇಕು? ಹರಕಿ ಹೊತ್ತಾಕಿ ನೀವು, ಎದ್ದವರು ಅವರು. ಜೋಡೀಲೆ ಕುಂದರ್ರಿ. ರಾಯಪ್ಪ ಎಷ್ಟರೆ ಒದರಲಿ, ಯಾರದ ಎಷ್ಟ ಅಂತ ಬಸವಣ್ಣಗ ಅಷ್ಟ ಗೊತ್ತಾಗತೈತಿ."

ಆದ್ದರಿಂದ ತೀರ್ಪು ಹೀಗಿದೆ. ಶ್ರಾವಣದ ಕಡೇ ಸೋಮವಾರ ನಾವಿಬ್ಬರೂ ಒಂದೇ ತಟ್ಟೆಯಲ್ಲಿ. ಜನ ಕೇಳಿದರೆ ಹೆಚ್ಚಿನ ಕಿಲೋ ಎಲ್ಲ ನನ್ನವೇ ಎಂದು ನಾನೇ ಹೇಳುತ್ತೇನೆ. ನಂಬುವುದು ಬಿಡುವುದು ಅವರ ಪಾಡು. ನಿಮಗೆ ಇನ್ನು ಉಪವಾಸಕ್ಕೆ ಕಾರಣ ಉಳಿದಿಲ್ಲ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಶಾಹಜಾನಬಿಯ ಎಮ್ಮೆಗೆ, ಅಂದರೆ ಎಮ್ಮೆಯ ಮಾಲಕಿಗೆ, ನಾಳೆಯಿಂದ ಒಂದು ಲೀಟರ್ ಹಾಲು ಎಂದು ಹೇಳಿಯಾಗಿದೆ. ಅದು ಬೆಕ್ಕಿಗೆ ಹೋಗದಂತೆ ಕಾವಲಿಗೂ ಆಕೆಯೇ. ಕೊಡ ಮುಟ್ಟಬೇಡಿ. ಸಾಸಿವೆ ಡಬ್ಬಿ ಎಡಗಡೆಯ ಗೋಡೆಯ ಮಾಡದಲ್ಲಿದೆ.

ಗಂಡನ ಹೆಸರು ಹೇಳಲು ಹೊಸ ಒಡಪು ಕಟ್ಟಿದ್ದೇನೆ. ತಕ್ಕಡಿ ಏರುವಾಗ ಮೈಕಿನಲ್ಲೇ ಹೇಳುವವಳಿದ್ದೇನೆ. ಈಗಲೇ ತಾಲೀಮು:

ಒಂದ ತಟ್ಟ್ಯಾಗ ಬೆಲ್ಲದ ಪೆಂಟಿ, ಒಂದ ತಟ್ಟ್ಯಾಗ ಜೋಡಿ,
ಈರಯ್ಯನವರ ಹೆಸರ ಹೇಳತೇನಿ, ಮೊಸರಿನ ಗಡಗಿ ನೋಡಿ.

ನಿಮ್ಮ ಅರ್ಧ ತೂಕದ, ಪೂರ್ಣ ಅಧಿಕಾರದ,
ಕಾಶವ್ವ

ತಾ.ಕ.: ಇಬ್ಬರೂ ಒಂದೊಂದು ಮುಚ್ಚಿಟ್ಟಿದ್ದೇವೆ, ನಿಮ್ಮದು ಹೊರಬಿತ್ತು, ನನ್ನದೂ ಬೀಳಲಿ. ಆ ನಲವತ್ನಾಲ್ಕು ಕಿಲೋದ ಹೆಣ್ಣುಮಗಳು ನಾನೇ. ನಡ ನೋವೆಂದು ನಿಖಿತಾ ಕರೆಸಿಕೊಂಡದ್ದು, ಸಾಮಾನು ಜೋಡಿಸಲಿಕ್ಕಲ್ಲ. ಹೆದರಬೇಡಿ, ಗುಳಿಗೆ ಇವೆ, ಗುಣವಾಗುತ್ತದೆ. ಹಾಲು ಎಷ್ಟು ದಿನದಿಂದ ಕುಡಿದಿಲ್ಲ ಎಂದು ಡಾಕ್ಟರ್ ಬಾಯಿ ಕೇಳಿದಾಗ ನಮ್ಮವರು ಬಿಟ್ಟ ದಿನದಿಂದ ಎಂದೆ. ನೀವು ಬಿಸಿನೀರು ಹಿಡಿದು ಕೂತಾಗ ನಾನೊಬ್ಬಳೇ ಎದುರಿಗೆ ಹಾಲಿನ ಲೋಟ ಹೇಗೆ ಎತ್ತಲಿ? ಶುಕ್ರವಾರ ಎರಡು ಲೋಟ ತೊಳೆದಿಡಿ. ತಕ್ಕಡಿ ಏರುವ ದಿನ ನನ್ನ ಕೈ ಹಿಡಿದುಕೊಳ್ಳಬೇಕು, ಎಡವಿ ಬೀಳುವಂತಿಲ್ಲವಂತೆ. ಎಡಗೈ ಸಾಕು. ಹೇಗೂ ಅದಕ್ಕೆ ಅಭ್ಯಾಸ ನಡೆದಿದೆಯಲ್ಲ.