ಎರಡನೇ ಪುಟ ಓದದ ವೈದ್ಯಕೀಯ ಮಂಡಳಿಗೆ

ಮಾನ್ಯ ಅಧ್ಯಕ್ಷರೇ,

ನನ್ನ ತಂಗಿಯ ವರದಿಯಲ್ಲಿ ಎರಡು ಪುಟಗಳಿದ್ದವು. ತಾವು ಒಂದನ್ನು ಮಾತ್ರ ಓದಿ, ಅವಳು ಕೆಲಸಕ್ಕೆ ಅರ್ಹಳೆಂದು ಆದೇಶ ಹೊರಡಿಸಿದಿರಿ. ಆ ವರದಿಗಾಗಿ ಅವಳ ರಕ್ತ ತೆಗೆದ ಲ್ಯಾಬ್ ಟೆಕ್ನಿಷಿಯನ್ ನಾನೇ. ಹಾಗಾಗಿ ಪುಟಗಳ ಲೆಕ್ಕದಲ್ಲಿ ನನಗೆ ಅನುಮಾನವಿಲ್ಲ.

ತಂಗಿ ಒಂಬತ್ತು ವರ್ಷ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಫೋನ್ ಎತ್ತಿದವಳು. ಒಂದು ಮಧ್ಯಾಹ್ನ, ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಕೂಗುತ್ತಿದ್ದ ತಾಯಿಗೆ ಹನ್ನೊಂದು ನಿಮಿಷ ದಾರಿ ಹೇಳಿಕೊಟ್ಟಳು. ಕೊನೆಗೆ ಆ ಕಡೆ ಕೂಗು ನಿಂತಿತು. ಮಗು ಉಳಿಯಲಿಲ್ಲ. ಇವಳ ಕಿವಿಗೆ ಮುಂದಿನ ಕರೆ ಬಿತ್ತು. ಅಲ್ಲಿಂದಾಚೆಗೆ ಮನೆಯಲ್ಲಿ ನಲ್ಲಿ ತಿರುಗಿಸಿ, ಬಕೆಟ್ ತುಂಬಿ ಹರಿದರೂ ಸುಮ್ಮನೆ ನೋಡುತ್ತ ನಿಲ್ಲತೊಡಗಿದಳು. ತಲೆ ಬಾಚುವುದನ್ನು ಬಿಟ್ಟಳು. ರಜೆ ಕೇಳಿದರೆ ತಮ್ಮ ಮಂಡಳಿ 'ವಸ್ತುನಿಷ್ಠ ಪುರಾವೆಯಿಲ್ಲ' ಎಂದು ಅರ್ಜಿ ವಾಪಸ್ ಕಳಿಸಿತು.

"ಜ್ವರ ಆದ್ರೆ ಥರ್ಮಾಮೀಟರ್ ಇದೆ. ಇದನ್ನ ಹೇಗೆ ತೋರಿಸ್ಲಿ ಅಕ್ಕಾ?" ಅಂದಳು.

ನಾನು ದಡ್ಡಿ, ದಾರಿ ಹುಡುಕಿದೆ. ನಮ್ಮ ಆಸ್ಪತ್ರೆಯಲ್ಲಿ ಖಿನ್ನತೆಯ ತೀವ್ರತೆಗೂ ರಕ್ತದ ಅಮೈನೋ ಆಮ್ಲಗಳಿಗೂ ಮಾನಸಿಕ ಒತ್ತಡಕ್ಕೂ ಇರುವ ನಂಟಿನ ಅಧ್ಯಯನ ನಡೆಯುತ್ತಿತ್ತು. ಅವಳನ್ನು ಕರೆತಂದು ನಾನೇ ಸೂಜಿ ಚುಚ್ಚಿದೆ. ಮೊದಲ ಪುಟದಲ್ಲಿ, ಆಹಾರದಿಂದ ದೇಹಕ್ಕೆ ಸಿಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಕಡಿಮೆಯೆಂದು ಬಂತು. ಎರಡನೆಯದರಲ್ಲಿ, ಪ್ರಶ್ನಾವಳಿಗೆ ಅವಳು ಕೊಟ್ಟ ಉತ್ತರಗಳ ಪ್ರಕಾರ ಒತ್ತಡ ಅತಿ ಹೆಚ್ಚು, ಖಿನ್ನತೆ ತೀವ್ರ ಎಂದಿತ್ತು. ಇವು ಜೊತೆಜೊತೆಗೆ ಕಾಣುತ್ತವೆ, ಯಾವುದರಿಂದ ಯಾವುದು ಎಂಬುದು ಇನ್ನೂ ತಿಳಿದಿಲ್ಲ ಎಂದು ವೈದ್ಯರು ಕೆಳಗೆ ಬರೆದೂ ಇದ್ದರು.

ಆ ವರದಿ ಹಿಡಿದು ಅವಳು ತಮ್ಮೆದುರು ನಿಂತಾಗ ತಮಗೆ ಮಾತ್ರ ಎರಡೇ ನಿಮಿಷದಲ್ಲಿ ತಿಳಿದುಹೋಯಿತು! "ಏನಮ್ಮಾ, ಊಟ ಸರಿಯಾಗಿ ಮಾಡಲ್ವಾ? ದಿನಾ ಮೊಟ್ಟೆ ತಿನ್ನು, ಹಾಲು ಕುಡಿ. ಹದಿನೈದು ದಿನದಲ್ಲಿ ಸರಿಹೋಗ್ತೀಯ."

"ಆಗ್ಲಿ ಸರ್," ಅಂದಳು ನನ್ನ ತಂಗಿ.

ಒತ್ತಡ ಎಂದು ಬರೆದರೆ ಕಚೇರಿಯ ಹೊಣೆ. ಪೋಷಕಾಂಶ ಎಂದು ಬರೆದರೆ ನಮ್ಮ ಅಡುಗೆಮನೆಯ ಹೊಣೆ. ಎಂಥ ಅಗ್ಗದ ರೋಗನಿರ್ಣಯ, ಅಧ್ಯಕ್ಷರೇ! ಒಂಬತ್ತು ವರ್ಷ ಪರರ ಸಾವನ್ನು ಕಿವಿಯಲ್ಲಿ ಹಿಡಿದವಳಿಗೆ ಮೊಟ್ಟೆ ಸಾಕೇ? ಅಮ್ಮ ದಿನವೂ ಎರಡು ಸುಲಿದು ಕೊಟ್ಟಳು. ಮಗಳು ಔಷಧಿ ನುಂಗುವ ಹಾಗೆ ನುಂಗಿದಳು.

ಕೆಲಸಕ್ಕೆ ಮರಳಿದ ಆರನೇ ದಿನ ಒಂದು ಕರೆ ಎತ್ತಿದಳು. ಬಾಯಿಂದ ಮಾತೇ ಹೊರಡಲಿಲ್ಲ. ಪಕ್ಕದವಳು ಹೆಡ್‌ಫೋನ್ ಕಿತ್ತುಕೊಳ್ಳುವಷ್ಟರಲ್ಲಿ ನಲವತ್ತೆಂಟು ಸೆಕೆಂಡು ಕಳೆದಿತ್ತು. ಕರೆ ಮಾಡಿದ ಮುದುಕರು ಬದುಕಿದರು, ಅದೊಂದು ಪುಣ್ಯ. ತಂಗಿಯನ್ನು ಅಮಾನತು ಮಾಡಿದರು. ಆರೋಪಪತ್ರದಲ್ಲಿ ಹೀಗಿದೆ: 'ಆರೋಗ್ಯ ಉತ್ತಮವಾಗಿದ್ದೂ ನಿರ್ಲಕ್ಷ್ಯ.' ಸಾಕ್ಷಿ, ತಮ್ಮ ಆದೇಶ.

ಈಗ ಅವಳು ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಮೇಲ್ಮನವಿಗೆ ಸಹಿ ಹಾಕು ಅಂದರೆ, "ಬೇಡ ಬಿಡಕ್ಕಾ, ಅವರು ಹೇಳಿದ್ದೇ ಸರಿ ಇರ್ಬೇಕು," ಅನ್ನುತ್ತಾಳೆ. ತಾವು ಅವಳನ್ನೂ ಒಪ್ಪಿಸಿಬಿಟ್ಟಿರಿ.

ಆದೇಶ ಹಿಂಪಡೆಯುತ್ತೀರೆಂಬ ಆಸೆ ನನಗಿಲ್ಲ. ನಿನ್ನೆ ಅದೇ ಕೇಂದ್ರದ ಇನ್ನೊಬ್ಬ ಹೆಂಗಸು ರಕ್ತಪರೀಕ್ಷೆಗೆಂದು ತಮ್ಮ ಮಂಡಳಿ ಕೊಟ್ಟ ಚೀಟಿ ಹಿಡಿದು ಲ್ಯಾಬಿಗೆ ಬಂದಿದ್ದಳು. ತೋಳು ಚಾಚಿ, "ರಕ್ತದಲ್ಲಿ ಬಂದ್ರೆ ನಂಬ್ತಾರಂತೆ, ಹೌದಾ ಮೇಡಂ?" ಎಂದು ಕೇಳಿದಳು. ನಾನು ಅವಳ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದೆ. ಮುಂದಿನ ವಾರ ಅವಳು ತಮ್ಮೆದುರು ನಿಲ್ಲುತ್ತಾಳೆ. ಪುಟ ತಿರುವಿ ಓದಿ, ಅವಳ ಪ್ರಶ್ನೆಗೆ ಉತ್ತರವನ್ನು ತಾವೇ ಬರವಣಿಗೆಯಲ್ಲಿ ಕೊಡಬೇಕೆಂದು ಒತ್ತಾಯಿಸುತ್ತೇನೆ.

ಇಂತಿ,
ಪುರಾವೆ ಒದಗಿಸಿ ತಂಗಿಯನ್ನು ಕಳೆದುಕೊಳ್ಳುತ್ತಿರುವ
ಒಬ್ಬ ಅಕ್ಕ