ಒಲೆ ಆರಿಸಿ ಚಿಟ್ಟೆ ಹಾರಿಸಿದವರಿಗೆ

ರೇಷ್ಮೆ ಸಂಸ್ಕೃತಿ ಉತ್ಸವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ವರ್ಷದ ಉತ್ಸವಕ್ಕೆ ತಾವು ಅಚ್ಚು ಹಾಕಿಸಿರುವ ಆಹ್ವಾನಪತ್ರಿಕೆ ಕೈಸೇರಿದೆ. ‘ಶಿಡ್ಲಘಟ್ಟದ ಶತಮಾನಗಳ ಸಂಪ್ರದಾಯವಾದ ಚಿಟ್ಟೆ ವಿಮೋಚನೆ’ ಎಂದು ಬಂಗಾರದ ಅಕ್ಷರದಲ್ಲಿದೆ. ಬಂಗಾರವಿಲ್ಲದ ಇನ್ನೊಂದು ಕಾಗದ ನೂಲು ಬಿಚ್ಚುವ ರೀಲಿಂಗ್ ಶೆಡ್ಡುಗಳ ಬಾಗಿಲಿಗೆ ಅಂಟಿದೆ. ಉತ್ಸವಕ್ಕೆ ನಾಲ್ಕು ದಿನ ಮುಂಚಿನಿಂದ ಉತ್ಸವ ಮುಗಿಯುವವರೆಗೆ ಯಾರೂ ಒಲೆ ಹಚ್ಚಕೂಡದು, ಹೊಗೆ ಮತ್ತು ದುರ್ವಾಸನೆ ಅತಿಥಿಗಳಿಗೆ ತಟ್ಟಕೂಡದು ಎಂದು ಅದರ ಸಾರಾಂಶ. ಆ ಎರಡನೇ ಕಾಗದವನ್ನು ಕಿತ್ತುಹಾಕಿ ಎಂದು ಕೇಳಲು ಈ ಬಹಿರಂಗ ಪತ್ರ. ಮೊದಲನೆಯದರ ಬಗ್ಗೆ ಒಂದು ತಿದ್ದುಪಡಿಯೂ ಇದೆ. ತಮ್ಮ ಶತಮಾನಗಳ ಸಂಪ್ರದಾಯ ಹುಟ್ಟಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಹುಟ್ಟಿದ್ದು ಹೋದ ಕಾರ್ತಿಕದಲ್ಲಿ, ಬೆಳಗಿನ ತಿಂಡಿಯ ಹೊತ್ತು ಕಳೆದ ಮೇಲೆ.

ತಾವು ಮರೆತಿರಬಹುದು, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಬೇಸಿಗೆಯಲ್ಲಿ ತಾವೂ ತಮ್ಮ ಸಮಿತಿಯೂ ಏಷ್ಯಾದ ಹಬ್ಬಗಳ ಅಧ್ಯಯನಕ್ಕೆಂದು ವಿಮಾನ ಹತ್ತಿದಿರಿ. ಥಾಯ್ಲೆಂಡಿನಲ್ಲಿ ಜನ ಒಬ್ಬರ ಮೇಲೊಬ್ಬರು ನೀರೆರಚುವುದನ್ನು ಅಧ್ಯಯನ ಮಾಡಿದಿರಿ. ಜಪಾನಿನಲ್ಲಿ ಹೂವು ಉದುರುವುದನ್ನು ಅಧ್ಯಯನ ಮಾಡಿದಿರಿ. ಬಾಲಿಯಲ್ಲಿ ಏನು ಅಧ್ಯಯನ ಮಾಡಿದಿರೋ ತಿಳಿಯದು, ಫೋಟೋಗಳಲ್ಲಿ ಬರೀ ಸಮುದ್ರವಿತ್ತು. ಬಂದವರೇ ಚಿಕ್ಕಬಳ್ಳಾಪುರದಲ್ಲಿ ಪತ್ರಕರ್ತರನ್ನು ಕೂರಿಸಿಕೊಂಡು, ಅಲ್ಲಿ ಪ್ರತಿ ಊರಿಗೂ ಒಂದು ಅನುಭವವಿದೆ, ನಮ್ಮಲ್ಲಿ ಏನಿದೆ ಎಂದು ಬೇಸರಪಟ್ಟಿರಿ. ಏನಿದೆಯೇ? ವಾಸನೆ ಇದೆ ಸ್ವಾಮಿ. ಬೇಯಿಸಿದ ರೇಷ್ಮೆಹುಳುವಿನ ವಾಸನೆ. ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಗೊರಕೆ ಹೊಡೆಯುತ್ತಿದ್ದವನು ಕಣ್ಣೇ ಬಿಡದೆ ‘ಶಿಡ್ಲಘಟ್ಟ ಬಂತು’ ಎಂದು ಚಪ್ಪಲಿ ತಡಕುತ್ತಾನೆ. ಹೀಗೆ ಕಂಡಕ್ಟರನ ಕೆಲಸವನ್ನೂ ಮಾಡುವ ವಾಸನೆ ತಾವು ಸುತ್ತಿದ ಯಾವ ದೇಶದಲ್ಲಿತ್ತು? ಆದರೆ ತಮ್ಮ ಯೋಜನೆಯ ಮೊದಲ ಸಾಲೇ ಅದನ್ನು ಊರು ಬಿಡಿಸುವುದಾಗಿತ್ತು. ರೇಷ್ಮೆಯ ಉತ್ಸವ ಬೇಕು, ರೇಷ್ಮೆ ಬಿಚ್ಚುವ ಒಲೆ ಬೇಡ. ಮದುವೆ ಬೇಕು, ಹೆಣ್ಣು ಬೆವರುತ್ತಾಳೆ, ಅವಳನ್ನು ಹೊರಗೆ ಕೂರಿಸಿ ಎಂದ ಹಾಗೆ.

ನಾನೂ ಒಮ್ಮೆ ಪರದೇಶದ ಹಬ್ಬ ನೋಡಿದವನೇ. ಅಪ್ಪನ ಕಾಲದಿಂದ ನಮ್ಮದು ಬೌದ್ಧರ ಮನೆ. ವೈಶಾಖ ಹುಣ್ಣಿಮೆಗೆ ರೈಲು, ಬಸ್ಸು, ಟ್ರ್ಯಾಕ್ಟರ್ ಎಲ್ಲ ಹತ್ತಿ ನೇಪಾಳದ ಲುಂಬಿನಿಗೆ ಹೋಗಿದ್ದೆವು. ರಸ್ತೆ ಬದಿಯಲ್ಲಿ ಹೆಂಗಸೊಬ್ಬಳು ಬಳೆಯಂಥ ಅಕ್ಕಿ ರೊಟ್ಟಿ ಕರಿಯುತ್ತಿದ್ದಳು. ಹೊಗೆಗೆ ನನ್ನ ಕಣ್ಣಲ್ಲಿ ಧಾರಾಕಾರ ನೀರು. ದೂರದ ಅತಿಥಿ ಬಂದಿದ್ದಾನೆಂದು ಅವಳು ಒಲೆ ಆರಿಸಿದಳೇ? ಗಾಳಿಗೆ ಅಡ್ಡ ನಿಂತಿದ್ದೀಯ ಅತ್ತ ಸರಿ ಎಂದು ಜಾಲರಿ ಸೌಟಿನಲ್ಲೇ ಸನ್ನೆ ಮಾಡಿದಳು. ಸರಿದೆ. ರೊಟ್ಟಿ ತಿಂದೆ. ಅವರ ಹಬ್ಬದ ಬಗ್ಗೆ ನಾನು ಕಲಿತದ್ದೆಲ್ಲ ಅಷ್ಟರಲ್ಲೇ ಇತ್ತು. ಸರ್ಕಾರಿ ಖರ್ಚಿನಲ್ಲಿ ಹೋದ ತಮಗೆ ಸರಿದು ನಿಲ್ಲು ಎಂದು ಹೇಳುವವರೇ ಸಿಗಲಿಲ್ಲವೇನೋ.

ಈಗ ಕೊಂಡಮ್ಮನ ವಿಷಯ. ಈಕೆ ನನ್ನ ಸೋದರತ್ತೆಯ ಮಗಳು, ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಹೋದವಳು. ಅರ್ಧ ಆಯುಷ್ಯ ಕಂಡವರ ಶೆಡ್ಡಿನಲ್ಲಿ ಕುದಿನೀರಿಗೆ ಬೆರಳಿಟ್ಟು ನೂಲು ಬಿಚ್ಚಿದಳು. ಗಂಡ ತೀರಿಕೊಂಡ ಮೇಲೆ ಹಟ ಹಿಡಿದು ಮನೆಯ ಹಿಂದೆ ಸ್ವಂತದ ಶೆಡ್ಡು ಹಾಕಿದಳು, ಎರಡು ಬಾಣಲೆ, ಎರಡು ಒಲೆ. ಅಂದಿನಿಂದ ಯಾವ ಯಜಮಾನನೂ ಅವಳನ್ನು ಏಕವಚನದಲ್ಲಿ ಕೂಗಿಲ್ಲ. ಆ ಒಲೆಯ ಬೆಲೆ ಅದು. ತಮ್ಮ ಹೋದ ವರ್ಷದ ಆಜ್ಞೆ ಬಂದಾಗ ಅವಳು ಹಿಂದಿನ ದಿನವಷ್ಟೇ ಮಾರುಕಟ್ಟೆಯಿಂದ ಗೂಡು ತಂದು ತಟ್ಟೆಗೆ ಹರಡಿದ್ದಳು.

ರೇಷ್ಮೆ ಉತ್ಸವದ ಅಧ್ಯಕ್ಷರಿಗೆ ರೇಷ್ಮೆಗೂಡು ಎಂದರೇನೆಂದು ವಿವರಿಸುವುದು ಅಧಿಕಪ್ರಸಂಗ, ಆದರೂ ಓದುಗರ ಸಲುವಾಗಿ ಹೇಳುತ್ತೇನೆ. ಗೂಡಿನೊಳಗೆ ಹುಳು ಜೀವಂತವಾಗಿರುತ್ತದೆ. ಬೇಗ ಹಬೆ ಕೊಟ್ಟು ಸಾಯಿಸಿ ನೂಲು ಬಿಚ್ಚಬೇಕು. ತಡವಾದರೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಬಿಸಿಲಿಗಾದರೂ ಹಾಕೋಣವೆಂದರೆ ಆಗ ವಾರವೆಲ್ಲ ಜಡಿಮಳೆ. ಕೊಂಡಮ್ಮ ತಮ್ಮ ಕಚೇರಿಗೆ ಬಂದಳು. ಜೊತೆಗೆ ನಾನೂ ಇದ್ದೆ. ನೂಲು ಬಿಚ್ಚುವುದಿಲ್ಲ, ಒಂದು ಹೊತ್ತು ಹಬೆ ಕೊಡಲಿಕ್ಕಾದರೂ ಒಲೆ ಹಚ್ಚುತ್ತೇನೆ ಎಂದು ಬೇಡಿದಳು. ತಾವು, ವಿದೇಶೀ ಅತಿಥಿಗಳು ಬರುತ್ತಾರೆ, ದೇಶದ ಮರ್ಯಾದೆ ಇತ್ಯಾದಿ ಹೇಳಿ, ಕೊನೆಗೆ ಕರುಣೆಯಿಂದ ಅಂದಿರಿ:

“ನಾಲ್ಕು ದಿನ ತಡ್ಕೊಳಮ್ಮ, ಗೂಡು ಎಲ್ಲಿಗೆ ಹೋಗುತ್ತೆ?”

“ಗೂಡೆಲ್ಲೂ ಹೋಗಲ್ಲ ಸಾರ್, ಒಳಗಿರೋದು ಹೋಗ್ತೈತೆ,” ಎಂದಳು ಕೊಂಡಮ್ಮ. “ನಾನು ತಡ್ಕೋತೀನಿ. ಆ ಹುಳುಗೆ ಯಾರಾದ್ರೂ ಹೇಳಿ ಮತ್ತೆ.”

ತಾವು ನಕ್ಕಿರಿ. ಹುಳು ನಗಲಿಲ್ಲ. ಉದ್ಘಾಟನೆಯ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಒಳಗೆ ಒಣಗಿದ ಎಲೆಗಳ ಮೇಲೆ ಯಾರೋ ನಡೆದಾಡುವಂಥ ಸದ್ದು. ತಟ್ಟೆಗಳ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಿದ್ದವು. ಕೊಂಡಮ್ಮ ಬಾಗಿಲಲ್ಲೇ ಕುಳಿತುಬಿಟ್ಟಳು. ಹಿಂದಿನ ಬೀದಿಯ ಉರ್ದು ಮಾತಿನ ಮನೆಗಳಲ್ಲೂ ಇದೇ ಗತಿ, ಅಲ್ಲಿನ ಹೆಂಗಸರೂ ಬಂದು ಪಕ್ಕದಲ್ಲಿ ಕುಳಿತರು. ಹೆಣದ ಮನೆಯಂತಿತ್ತು. ಚಿಟ್ಟೆಗಳಿಗೆ ಮಾತ್ರ ಸಂಭ್ರಮ.

ಎದ್ದು ಹೋಗಿ ಸಮಿತಿಯವರ ಮುಂದೆಯೇ ಗೂಡು ಸುರಿಯೋಣ ಎಂದವನು ನಾನು. ನಲವತ್ತು ವರ್ಷ ಚಳವಳಿಯಲ್ಲಿ ಸವೆದ ಬುದ್ಧಿ ಬೇರೇನು ಹೇಳೀತು? ಹೆಂಗಸರು ಗೂಡಿನ ಬುಟ್ಟಿಗಳನ್ನು ತಲೆಗೇರಿಸಿದರು. ಮುಂದೆ ಚಳವಳಿಯ ಗೆಳೆಯ ಮುನಿಗಂಗಪ್ಪನ ತಮಟೆ, ಹಿಂದೆ ನನ್ನ ಘೋಷಣೆ. ‘ಒಲೆ ಆರಿಸಿದವರಿಗೆ ಧಿಕ್ಕಾರ’ ಎಂದು ಗಂಟಲು ಹರಿಯುವಂತೆ ಕೂಗುತ್ತ ತಮ್ಮ ಶಾಮಿಯಾನಕ್ಕೆ ನುಗ್ಗಿದೆವು. ಪೊಲೀಸರು ತಡೆಯುತ್ತಾರೆ ಎಂದುಕೊಂಡಿದ್ದೆ. ಅವರು ದಾರಿ ಬಿಟ್ಟರು. ತಮ್ಮ ನಿರೂಪಕಿ ಮೈಕಿನಲ್ಲಿ, ಇದೀಗ ನಮ್ಮ ಮಣ್ಣಿನ ಸೊಗಡಿನ ಗೂಡಿನ ಮೆರವಣಿಗೆ ಎಂದು ಸಾರಿದಳು. ಅತಿಥಿಗಳು ಎದ್ದು ನಿಂತರು, ಫೋನುಗಳು ಮೇಲೆದ್ದವು. ನಾನು ಇನ್ನೂ ಜೋರಾಗಿ ಧಿಕ್ಕಾರ ಕೂಗಿದೆ, ಅವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮಾನ್ಯರೇ, ಧಿಕ್ಕಾರ ಕೂಗಿದ್ದಕ್ಕೆ ನನಗೆ ಲಾಠಿ ಬಿದ್ದಿದೆ, ಕೇಸು ಬಿದ್ದಿದೆ, ಗೌರಿಬಿದನೂರಿನಲ್ಲಿ ಒಮ್ಮೆ ಕೊಳೆತ ಟೊಮೆಟೊ ಬಿದ್ದಿದೆ. ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಮುನಿಗಂಗಪ್ಪ ತಮಟೆ ನಿಲ್ಲಿಸಿ ನನ್ನ ಮುಖ ನೋಡಿ, “ಏನಣ್ಣ, ಮೆಚ್ಕೊಂಡ್ಬಿಟ್ರಲ್ಲ, ಈಗೇನ್ಮಾಡಣ?” ಎಂದ. ನಮ್ಮ ತರಬೇತಿ ಶಿಬಿರಗಳಲ್ಲಿ ಅದೊಂದನ್ನು ಹೇಳಿಕೊಟ್ಟಿರಲಿಲ್ಲ.

ಆದರೆ ತಮಗೆ ಉತ್ತರ ತಕ್ಷಣ ಹೊಳೆಯಿತು. ಅದೇ ತಮ್ಮ ಪ್ರತಿಭೆ. ಕೊಂಡಮ್ಮನ ಬುಟ್ಟಿಗೆ ಎರಡೂ ಕೈ ಹಾಕಿ, ಬುದ್ಧನ ಕರುಣೆಯ ನಾಡಿನಿಂದ ಬಂದ ಬಂಧುಗಳೇ ಎಂದು ಶುರುಮಾಡಿ, ಇಗೋ ಈ ಜೀವಗಳಿಗೆ ಮುಕ್ತಿ ಎಂದು ಚಿಟ್ಟೆಗಳನ್ನು ಆಕಾಶಕ್ಕೆ ತೂರಿದಿರಿ. ರೇಷ್ಮೆ ಚಿಟ್ಟೆಗೆ ಹಾರಲು ಬಾರದು. ಮೇಲೆ ಹೋದಷ್ಟೇ ವೇಗದಲ್ಲಿ ಕೆಳಗೆ ಬಂದವು, ತಮ್ಮ ಪೇಟದ ಮೇಲೆ, ಶಾಲಿನ ಮೇಲೆ, ದೀಪದ ಎಣ್ಣೆಯ ಮೇಲೆ. ಹೊಸದಾಗಿ ಹೊರಬಂದ ಚಿಟ್ಟೆ ಮಾಡುವ ಮೊದಲ ಕೆಲಸ ಹೊಟ್ಟೆಯ ಕಂದುನೀರನ್ನು ಹೊರಹಾಕುವುದು, ಎರಡನೆಯದು ಜೋಡಿ ಹುಡುಕುವುದು. ಎರಡನ್ನೂ ಅವು ತಮ್ಮ ಮೈಮೇಲೆಯೇ ನೆರವೇರಿಸಿಕೊಂಡವು. ಪೇಟದ ಮೇಲಿನ ದಂಪತಿಗಳು ತಮ್ಮ ಭಾಷಣ ಮುಗಿಯುವವರೆಗೂ ಬೇರ್ಪಡಲಿಲ್ಲ. ಅಷ್ಟು ಹೊತ್ತು ತಮ್ಮನ್ನು ಸಹಿಸಿಕೊಂಡ ಜೀವಿಗಳು ಈ ಜಿಲ್ಲೆಯಲ್ಲಿ ಬೇರೆ ಇಲ್ಲ.

ಬುದ್ಧನ ಹೆಸರು ತಾವೇ ತೆಗೆದದ್ದಕ್ಕೆ ಬೌದ್ಧನಾಗಿ ಒಂದು ಮಾತು ಕೇಳುತ್ತೇನೆ. ಹುಳು ಸಾಯುವುದು ನನಗೂ ಸಂಕಟವೇ. ಆ ಸಂಕಟ ತಮಗೆ ನಿಜವಾಗಿದ್ದರೆ ಮೊದಲು ಹೆಗಲ ಮೇಲಿನ ರೇಷ್ಮೆ ಶಾಲು ತೆಗೆದಿಡಬೇಕಿತ್ತಲ್ಲವೇ? ಶಾಲು ತಮಗೆ, ಪಾಪ ಕೊಂಡಮ್ಮನಿಗೆ, ಪುಣ್ಯ ಮತ್ತೆ ತಮಗೆ. ಇದು ಯಾವ ದೇಶದಲ್ಲಿ ಅಧ್ಯಯನ ಮಾಡಿದ ಧರ್ಮ?

ಚಪ್ಪಾಳೆ ತಟ್ಟದವಳು ಒಬ್ಬಳಿದ್ದಳು. ಥಾಯ್ಲೆಂಡಿನಿಂದ ಬಂದಿದ್ದ ನೋಯ್ ಎಂಬ ನೇಕಾರ ಹೆಂಗಸು. ಕುರ್ಚಿ ಬಿಟ್ಟು ಇಳಿದು ಬಂದು, ಬುಟ್ಟಿಯಿಂದ ಒಂದು ತೂತು ಗೂಡು ಎತ್ತಿ ನೋಡಿದಳು. ಆಮೇಲೆ ಕೊಂಡಮ್ಮನ ಮುಖ ನೋಡಿದಳು. ನಗು ನಿಂತಿತು. ದುಭಾಷಿಯ ಮೂಲಕ ಏನಾಯಿತೆಂದು ಕೇಳಿದಳು, ಕೊಂಡಮ್ಮನ ಮಗಳು ತನುಜ ಹೇಳಿದಳು. ನೋಯ್ ಕೊಂಡಮ್ಮನ ಬಲಗೈ ಹಿಡಿದು ಬೆರಳುಗಳನ್ನು ಮೂಗಿಗೆ ತಂದುಕೊಂಡು ಆಳವಾಗಿ ಮೂಸಿದಳು. ಊರಿಗೆ ಕಾಲಿಟ್ಟಾಗಿನಿಂದ ಈ ವಾಸನೆ ಹುಡುಕುತ್ತಿದ್ದೆ, ರೇಷ್ಮೆಯ ಊರು ಅಂತ ಸುಳ್ಳು ಹೇಳಿ ಇನ್ನೆಲ್ಲೋ ಕರೆತಂದರು ಅಂದುಕೊಂಡಿದ್ದೆ ಎಂದಳಂತೆ. ನಮ್ಮ ದೇಶದಲ್ಲಿ ಬೆಂದ ಹುಳುವನ್ನು ಹುರಿದು ಹಬ್ಬದಲ್ಲಿ ಮಾರುತ್ತೇವೆ, ಇಲ್ಲಿ ಎಲ್ಲಿ ಸಿಗುತ್ತದೆ ಎಂದೂ ಕೇಳಿದಳು. ಕೊಂಡಮ್ಮ ನನ್ನ ಕಡೆ ತಿರುಗಿ, “ಇಷ್ಟು ದೊಡ್ಡ ಪೆಂಡಾಲಲ್ಲಿ ಮೂಗಿರೋಳು ಈಯಮ್ಮ ಒಬ್ಬಳೇ ಕಣಪ್ಪ ಚಲಪತಿ,” ಎಂದಳು.

ಆ ನಷ್ಟಕ್ಕೆ ಕೊಂಡಮ್ಮ ಒಂದು ಬಾಣಲೆ ಮಾರಿದಳು. ಉಳಿದಿರುವುದು ಒಂದೇ ಒಲೆ. ಈ ವರ್ಷವೂ ಗೂಡು ತೂತು ಬಿದ್ದರೆ ಅದೂ ಹೋಗುತ್ತದೆ, ಅವಳು ಮತ್ತೆ ಕಂಡವರ ಶೆಡ್ಡಿಗೆ ಹೋಗುತ್ತಾಳೆ, ಮತ್ತೆ ಏಕವಚನಕ್ಕೆ. ಇದು ತಮಗೆ ಗೊತ್ತಿಲ್ಲ ಎನ್ನುವಂತಿಲ್ಲ. ಯಾಕೆಂದರೆ ಮೊನ್ನೆ ತಮ್ಮ ಸಮಿತಿಯ ಕಾರ್ಯದರ್ಶಿ ಹಣ್ಣಿನ ತಟ್ಟೆ ಹಿಡಿದು ಅವಳ ಮನೆಗೆ ಬಂದಿದ್ದರು. ಚಿಟ್ಟೆ ವಿಮೋಚನೆಯ ವಂಶಪಾರಂಪರ್ಯ ಮನೆತನದವಳಾಗಿ ಕೊಂಡಮ್ಮ ಹಸಿರು ಸೀರೆಯುಟ್ಟು ಬುಟ್ಟಿ ಹೊತ್ತು ಬರಬೇಕಂತೆ. ಗೂಡು ಸರಿಯಾಗಿ ಆ ದಿನವೇ ತೂತು ಬೀಳುವಂತೆ ನೋಡಿಕೊಳ್ಳಬೇಕಂತೆ. ಮುಖದಲ್ಲಿ ಹೋದ ವರ್ಷದಂಥ ಭಾವ ಇದ್ದರೆ ಚೆನ್ನ, ಫೋಟೋದಲ್ಲಿ ಬಹಳ ನೈಜವಾಗಿ ಬಂದಿತ್ತಂತೆ.

ಕೊಂಡಮ್ಮ ಹಣ್ಣಿನ ತಟ್ಟೆಯನ್ನು ಅವರ ಕೈಗೇ ವಾಪಸ್ ಇಟ್ಟಳು. “ಹೋದ ವರ್ಷ ಅತ್ತಿದ್ದನ್ನ ಈ ವರ್ಷ ಆಡಿ ತೋರಿಸ್ಬೇಕಾ ಸಾಮಿ?” ಎಂದಷ್ಟೇ ಕೇಳಿ ಒಳಗೆ ಹೋದಳು.

ಆದ್ದರಿಂದ ನಮ್ಮ ಹಕ್ಕೊತ್ತಾಯ ಹೀಗಿದೆ. ಒಲೆ ಆರಿಸುವ ಆಜ್ಞೆಯನ್ನು ವಾಪಸ್ ಪಡೆಯಿರಿ. ಆಹ್ವಾನಪತ್ರಿಕೆಯಿಂದ ಶತಮಾನಗಳನ್ನು ಕಿತ್ತುಹಾಕಿ. ಕೊಂಡಮ್ಮ ಮಾರಿದ ಬಾಣಲೆಯನ್ನು ಸಮಿತಿಯೇ ಮರಳಿ ಕೊಂಡು ತಂದುಕೊಡಲಿ. ಆಜ್ಞೆ ವಾಪಸ್ ಪಡೆದರೂ ಪಡೆಯದಿದ್ದರೂ ಉದ್ಘಾಟನೆಯ ದಿನ ಬೆಳಿಗ್ಗೆ ಅವಳ ಶೆಡ್ಡಿನಲ್ಲಿ ಒಲೆ ಉರಿಯುತ್ತದೆ, ಹಿಂದಿನ ಬೀದಿಯಲ್ಲೂ ಉರಿಯುತ್ತದೆ. ನೋಯ್ ಬರುತ್ತೇನೆಂದು ತನುಜಳ ಫೋನಿಗೆ ಬರೆದಿದ್ದಾಳೆ. ಹುಳು ಹುರಿಯಲು ಮೆಣಸಿನಕಾಯಿ ಅವಳೇ ತರುತ್ತಾಳಂತೆ. ಆರಿಸಲೇಬೇಕೆಂದಿದ್ದರೆ ಕಾಗದ ಕಳಿಸಬೇಡಿ, ಖುದ್ದು ಬನ್ನಿ, ಮೂಗು ಮುಚ್ಚದೆ ಬನ್ನಿ. ನಾವು ಧಿಕ್ಕಾರ ಕೂಗುವುದಿಲ್ಲ, ಕೂಗಿದರೆ ತಾವು ಚಪ್ಪಾಳೆ ತಟ್ಟಿಸುತ್ತೀರಿ. ತಮಟೆಯೂ ಇರುವುದಿಲ್ಲ. ಸುಮ್ಮನೆ ಕೆಲಸ ಮಾಡುತ್ತಿರುತ್ತೇವೆ. ಗಾಳಿಗೆ ಅಡ್ಡ ನಿಂತರೆ ಕೊಂಡಮ್ಮ ಸರಿದು ನಿಲ್ಲಿ ಎನ್ನುತ್ತಾಳೆ. ಸರಿದು ನಿಲ್ಲಿ.

ಇಂತಿ,
ತಮ್ಮ ಪುರಾತನ ಸಂಪ್ರದಾಯದ ಮೂಲಪುರುಷ, ವಯಸ್ಸು ಅರವತ್ತೆರಡು,
ಚಲಪತಿ, ಮೇಲೂರು